ನೆಲ ಬಿಡುವ ಮುಂಚಿನ ಕಾಲು ಸೆಕೆಂಡು

(ಕಲಬುರಗಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಎದುರು ಆಡಿದ ಮಾತುಗಳ ಬರಹ ರೂಪ)

ಮಾತಿಗೆ ಮುಂಚೆ ಒಂದು ಪರೀಕ್ಷೆ ಮಾಡಿಬಿಡೋಣ. ಹಿಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ಎತ್ತರದ ಸರ್ ದಯವಿಟ್ಟು ಮುಂದೆ ಬರಬೇಕು. ಬೆರಳ ತುದಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಳ್ಳಿ. ಗೋಡೆಯ ಪಕ್ಕ ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ಒಮ್ಮೆ ಚಕ್ಕನೆ ಬಗ್ಗಿ ಮೇಲಕ್ಕೆ ಹಾರಿ ಗೋಡೆಗೆ ಗುರುತು ಹಾಕಿ. ಆಯಿತು. ಈಗ ಎರಡನೆಯ ಸಲ. ಮೊಣಕಾಲು ಮಡಿಸಿ ಅರ್ಧ ಕುಳಿತು ಹಾಗೆಯೇ ಅಲುಗಾಡದೆ ಇರಿ, ಸಭೆಯವರು ಮೂರು ಎಣಿಸಲಿ. ಒಂದು, ಎರಡು, ಮೂರು, ಹಾರಿ! ಇಲ್ಲ ಸರ್, ಹಾರುವ ಮುಂಚೆ ಮತ್ತೆ ಕೊಂಚ ಕೆಳಕ್ಕೆ ಜಾರಿದಿರಿ. ಬೇಸರ ಬೇಡ, ಎಲ್ಲರೂ ಹಾಗೆಯೇ ಮಾಡುತ್ತಾರೆ, ದೇಹಕ್ಕೆ ಆ ಕಳ್ಳತನ ಯಾರೂ ಕಲಿಸದೆ ಬಂದಿರುತ್ತದೆ. ಇನ್ನೊಮ್ಮೆ. ಹಾಂ, ಈಗ ಸರಿಯಾಯಿತು.

ಗೋಡೆ ನೋಡಿ. ಎರಡನೆಯ ಗುರುತು ಮೊದಲನೆಯದಕ್ಕಿಂತ ಎರಡು ಬೆರಳು ಕೆಳಗಿದೆ. ಮನುಷ್ಯ ಅವರೇ, ಕಾಲುಗಳು ಅವೇ, ಗೋಡೆಯೂ ಅದೇ. ಎರಡು ನಿಮಿಷದಲ್ಲಿ ಅವರ ಸ್ನಾಯುಗಳೇನೂ ಬದಲಾಗಲಿಲ್ಲ. ಹಾಗಾದರೆ ಆ ಎರಡು ಬೆರಳು ಎಲ್ಲಿ ಹೋದವು? ನಾನು ಇವತ್ತು ಆಡುವುದೆಲ್ಲ ಆ ಎರಡು ಬೆರಳಿನ ಹುಡುಕಾಟ.

ಈ ಗೋಡೆ–ಸೀಮೆಸುಣ್ಣದ ಪರೀಕ್ಷೆಗೆ ನೂರು ವರ್ಷ ದಾಟಿದೆ. ನಿಂತಲ್ಲಿಂದ ಮೇಲಕ್ಕೆ ಹಾರುವುದನ್ನೇ ಮನುಷ್ಯನ ದೇಹಶಕ್ತಿಯ ಅಳತೆಗೋಲು ಮಾಡಬಹುದೆಂದು ಅಮೆರಿಕದ ಡಡ್ಲಿ ಸಾರ್ಜೆಂಟ್ 1921ರಲ್ಲಿ ಬರೆದ. ಆಮೇಲೆ ಯಂತ್ರಗಳು ಬಂದವು. ಈಗ ತೊಡೆಗೆ ಒಂದು ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ಆ ಸ್ನಾಯು ಎಷ್ಟು ಮಿಲಿಸೆಕೆಂಡಿನಲ್ಲಿ ಸಂಕೋಚಿಸುತ್ತದೆ ಎಂದು ಹೇಳುವ ಉಪಕರಣಗಳಿವೆ. ನಿಮ್ಮಲ್ಲಿ ಕೆಲವರು ಚಹಾ ಕುಡಿಯುವಾಗ ಕೇಳಿದಿರಿ: ಅಂಥದೊಂದು ಯಂತ್ರವಿದ್ದರೆ ಜಿಗಿಯುವ ಮಕ್ಕಳನ್ನು ಆರಿಸುವುದು ಸುಲಭವಾಗುವುದಿಲ್ಲವೇ? ಆ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮುಂಚೆ ಸ್ನಾಯುವಿನ ಒಳಗೆ ಹೋಗಿ ಬರಬೇಕು.

ಸ್ನಾಯು ಎಳೆಯುತ್ತದೆ, ಅಷ್ಟೇ. ತಳ್ಳುವುದು ಅದಕ್ಕೆ ಬರುವುದಿಲ್ಲ. ನೆಲವನ್ನು ತಳ್ಳಿ ಹಾರಿದೆ ಎಂದು ನಾವು ಹೇಳುವಾಗಲೂ ಒಳಗೆ ನಡೆದದ್ದೆಲ್ಲ ಎಳೆತವೇ. ಮೂಳೆಗಳ ಸನ್ನೆ ಆ ಎಳೆತವನ್ನು ತಿರುಗಿಸಿ ನೆಲಕ್ಕೆ ಒತ್ತುತ್ತದೆ. ಎಳೆತ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನಿಮ್ಮ ಕೈಗಳೇ ಸಾಕು. ಎರಡೂ ಕೈಗಳ ಬೆರಳುಗಳನ್ನು ಎದುರುಬದುರಾಗಿ ಹಿಡಿದು ಒಂದರ ಸಂದಿಯಲ್ಲಿ ಇನ್ನೊಂದನ್ನು ಜಾರಿಸಿ. ಬೆರಳುಗಳ ಉದ್ದ ಕುಗ್ಗಲಿಲ್ಲ, ಆದರೆ ಎರಡು ಮೊಣಕೈಗಳ ನಡುವಿನ ಅಂತರ ಕುಗ್ಗಿತು. ಆಕ್ಟಿನ್, ಮಯೋಸಿನ್ ಎಂಬ ಎರಡು ಎಳೆಗಳು ಸ್ನಾಯುವಿನಲ್ಲಿ ಮಾಡುವುದು ಇದನ್ನೇ. ಇದನ್ನು 1954ರಲ್ಲಿ ಎರಡು ಬೇರೆ ಬೇರೆ ತಂಡಗಳು 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ. ಅಣ್ಣತಮ್ಮಂದಿರೆಂದು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಅವರಿಬ್ಬರೂ ಸಂಬಂಧಿಗಳೇ ಅಲ್ಲ.

ಹೀಗೆ ಜಾರುವ ಒಂದು ಮನೆಗೆ ಸಾರ್ಕೋಮಿಯರ್ ಎನ್ನುತ್ತಾರೆ. ಅದರ ಉದ್ದ ಮಿಲಿಮೀಟರಿನ ನಾನೂರರಲ್ಲಿ ಒಂದು ಭಾಗದಷ್ಟು. ಒಂದು ಸೆಂಟಿಮೀಟರ್ ಉದ್ದದಲ್ಲಿ ಸುಮಾರು 4,000 ಮನೆಗಳು ಸಾಲಾಗಿ ಕೂಡುತ್ತವೆ. ಸಾಲು ಉದ್ದವಾದಷ್ಟೂ ತಂತು ವೇಗವಾಗಿ ಕುಗ್ಗುತ್ತದೆ, ಏಕೆಂದರೆ ಪ್ರತಿ ಮನೆಯ ಪುಟ್ಟ ಜಾರಿಕೆಯೂ ಒಟ್ಟಿಗೆ ಸೇರಿಕೊಳ್ಳುತ್ತದೆ. ಸಾಲುಗಳು ಪಕ್ಕಪಕ್ಕದಲ್ಲಿ ಹೆಚ್ಚಾದರೆ ಬಲ ಹೆಚ್ಚುತ್ತದೆ. ವೇಗ ಬೇರೆ, ಬಲ ಬೇರೆ. ಈ ಎರಡನ್ನೂ ಕೈಯಲ್ಲಿ ಬೇರೆ ಬೇರೆಯಾಗಿ ಹಿಡಿದುಕೊಂಡಿರಿ.

ಇನ್ನು ಎಲ್ಲ ಸ್ನಾಯುಗಳದೂ ಒಂದೇ ಚುರುಕಲ್ಲ. ಒಂದೇ ಒಂದು ನರಸಂಕೇತ ತಗುಲಿದಾಗ ಸ್ನಾಯು ಒಮ್ಮೆ ಮಿಡಿದು ಸುಮ್ಮನಾಗುತ್ತದಲ್ಲ, ಆ ಮಿಡಿತ ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುವಿನಲ್ಲಿ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗದೊಳಗೆ ಮುಗಿಯುತ್ತದೆ. ಮೀನಖಂಡದಲ್ಲಿ ಹೊರಗೆ ಉಬ್ಬಿ ಕಾಣುವ ಗ್ಯಾಸ್ಟ್ರೋಕ್ನೀಮಿಯಸ್‌ಗೆ ಸುಮಾರು ಹದಿನೈದರಲ್ಲಿ ಒಂದು ಭಾಗ ಬೇಕು. ಅದರ ಅಡಿಯಲ್ಲಿ ಚಪ್ಪಟೆಯಾಗಿ ಮಲಗಿರುವ ಸೋಲಿಯಸ್‌ಗೆ ಐದರಲ್ಲಿ ಒಂದು ಭಾಗ. ನಾನು ಇಲ್ಲಿ ಒಂದು ಗಂಟೆ ನಿಂತು ಮಾತಾಡುವುದು ಸೋಲಿಯಸ್ಸಿನ ಕೃಪೆ. ಅದರಲ್ಲಿ ನಿಧಾನ ತಂತುಗಳೇ ಬಹುಪಾಲು. ಬೇಗ ದಣಿಯುವುದಿಲ್ಲ, ಆದರೆ ಅವಸರವೂ ಇಲ್ಲ. ಚುರುಕು ತಂತುಗಳಲ್ಲಿ, ಸಂಕೋಚನಕ್ಕೆ ಚಾಲನೆ ಕೊಡುವ ಕ್ಯಾಲ್ಸಿಯಂ ಬೇಗ ಹೊರಬಿದ್ದು ಬೇಗ ಒಳಸೇರುತ್ತದೆ, ಮಯೋಸಿನ್ ಕೂಡ ಬೇರೆ ಜಾತಿಯದು, ಇಂಧನವನ್ನು ಬೇಗ ಮುರಿಯುತ್ತದೆ. ಅವುಗಳ ಪಾಲು ಒಬ್ಬರಿಂದ ಒಬ್ಬರಿಗೆ ತುಂಬ ವ್ಯತ್ಯಾಸವಾಗುತ್ತದೆ. ಓಟಗಾರರಲ್ಲಿ ನೂರು ಮೀಟರಿನವರಿಗೂ ಮ್ಯಾರಥಾನಿನವರಿಗೂ ತೊಡೆಯ ತಂತುಗಳಲ್ಲೇ ಭೇದ ಕಾಣುತ್ತದೆ.

ಇಲ್ಲಿಯವರೆಗೆ ಕೇಳಿದವರು, ಚುರುಕು ತಂತು ಹೆಚ್ಚಿದ್ದವನೇ ಎತ್ತರ ಹಾರುತ್ತಾನೆ, ಮಾತು ಮುಗಿಯಿತು ಎಂದು ಎದ್ದು ಹೋಗಬಹುದು. ಬಹಳ ಪುಸ್ತಕಗಳೂ ಅಲ್ಲಿಗೇ ಎದ್ದು ಹೋಗುತ್ತವೆ. ಆದರೆ ನಮ್ಮ ಸರ್ ಗೋಡೆಯ ಮೇಲೆ ಹಾಕಿದ ಎರಡು ಗುರುತುಗಳು ಇನ್ನೂ ಹಾಗೆಯೇ ಇವೆ.

ಸ್ವಲ್ಪ ಲೆಕ್ಕ. 40 ಸೆಂಟಿಮೀಟರ್ ಎತ್ತರ ಏರಬೇಕಾದರೆ ಪಾದ ನೆಲ ಬಿಡುವ ಗಳಿಗೆಯಲ್ಲಿ ದೇಹದ ವೇಗ ಸೆಕೆಂಡಿಗೆ 2.8 ಮೀಟರ್ ಇರಬೇಕು. ನೆಲ ಬಿಟ್ಟ ಮೇಲೆ ನೀವು ಏನೂ ಮಾಡಲಾರಿರಿ. ಗಾಳಿಯಲ್ಲಿ ಎಷ್ಟು ಕಾಲು ಬಡಿದರೂ ಒಂದು ಕೂದಲೆಳೆಯಷ್ಟೂ ಹೆಚ್ಚು ಏರುವುದಿಲ್ಲ. ಎಲ್ಲ ಸಂಪಾದನೆಯೂ ಅದಕ್ಕೆ ಮುಂಚೆಯೇ ಆಗಬೇಕು. ಅರ್ಧ ಕುಳಿತ ಭಂಗಿಯಿಂದ ಹಿಮ್ಮಡಿ ಎದ್ದು ಬೆರಳು ನೆಲ ಬಿಡುವವರೆಗೆ ಸಿಗುವ ಸಮಯ ಸುಮಾರು ಕಾಲು ಸೆಕೆಂಡು. ಕಾಲಿನ ಸೆಕೆಂಡೂ ಹೌದು, ಕಾಲು ಸೆಕೆಂಡೂ ಹೌದು. ಕನ್ನಡ ನಮಗೆ ಪುಕ್ಕಟೆ ಕೊಟ್ಟ ಶ್ಲೇಷೆ. ಆ ಅವಧಿಯಲ್ಲಿ ಸೊನ್ನೆಯಿಂದ 2.8 ಮುಟ್ಟಬೇಕಾದರೆ ನೆಲವನ್ನು ಒತ್ತುವ ಬಲ ಸರಾಸರಿಯಲ್ಲಿ ಸ್ವಂತ ತೂಕದ ಎರಡು ಪಟ್ಟನ್ನು ಸ್ವಲ್ಪ ಮೀರಬೇಕು. 60 ಕೆ.ಜಿ. ಹುಡುಗ 130 ಕೆ.ಜಿ.ಯ ಆಸುಪಾಸು ಒತ್ತಬೇಕು, ಅದೂ ಕಾಲು ಸೆಕೆಂಡು ಪೂರ್ತಿ.

ತೊಡಕು ಇರುವುದು ಇಲ್ಲಿ. ಸುಮ್ಮನಿದ್ದ ಸ್ನಾಯುವಿಗೆ ತನ್ನ ಪೂರ್ಣ ಬಲಕ್ಕೆ ಏರಲು ಸೆಕೆಂಡಿನ ಮೂರನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಬೇಕು. ಅಂದರೆ ಬಲ ತುದಿ ಮುಟ್ಟುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ.

ನಿಮ್ಮಲ್ಲಿ ಹೊಲದ ಮನೆಯಿಂದ ಬಂದವರು ಹೆಚ್ಚು, ಆದ್ದರಿಂದ ಹೀಗೆ ಹೇಳುತ್ತೇನೆ. ಕುಂಟೆ ಹೂಡಿದಾಗ ಎತ್ತು ಮೊದಲ ಹೆಜ್ಜೆ ಇಟ್ಟ ಕೂಡಲೇ ಕುಂಟೆ ಮುಂದೆ ಬರುವುದಿಲ್ಲ. ಸಡಿಲಾಗಿ ನೇತಾಡುತ್ತಿದ್ದ ಮಿಣಿ ಮೊದಲು ಬಿಗಿಯಾಗಬೇಕು. ಮಿಣಿ ಬಿಗಿಯಾಗುವವರೆಗೆ ಎತ್ತಿನ ಎಳೆತ ಕುಂಟೆಗೆ ತಿಳಿಯುವುದೇ ಇಲ್ಲ. ಸ್ನಾಯುವೂ ಮೂಳೆಗೆ ನೇರವಾಗಿ ಕಟ್ಟಿಲ್ಲ. ನಡುವೆ ಸ್ನಾಯುರಜ್ಜು ಎಂಬ ಮಿಣಿ ಇದೆ. ಒಳ್ಳೆಯ ಒಕ್ಕಲಿಗ ಏನು ಮಾಡುತ್ತಾನೆ? ಎತ್ತನ್ನು ಅರ್ಧ ಹೆಜ್ಜೆ ಮುಂದೆ ನಡೆಸಿ ಮಿಣಿ ಬಿಗಿ ಮಾಡಿಕೊಂಡು ಆಮೇಲೆ 'ಹೋ' ಎನ್ನುತ್ತಾನೆ.

ಮೊದಲ ಜಿಗಿತದಲ್ಲಿ ನಮ್ಮ ಸರ್ ಮಾಡಿದ್ದು ಅದನ್ನೇ. ಚಕ್ಕನೆ ಕೆಳಗಿಳಿದರು. ಇಳಿಯುತ್ತಿರುವ ದೇಹವನ್ನು ತಡೆದು ನಿಲ್ಲಿಸಲು ತೊಡೆ, ಪೃಷ್ಠ, ಮೀನಖಂಡಗಳು ಬಲ ಹಾಕಲೇಬೇಕು. ಹಾಗಾಗಿ ಅತಿ ಕೆಳಗಿನ ಬಿಂದುವಿನಲ್ಲಿ, ಇನ್ನೂ ಮೇಲಕ್ಕೆ ಒಂದು ಬೆರಳೂ ಏರದಿದ್ದಾಗಲೇ, ಅವರ ಪಾದ ನೆಲವನ್ನು ಸ್ವಂತ ತೂಕಕ್ಕಿಂತ ಬಹಳ ಹೆಚ್ಚಿನ ಬಲದಿಂದ ಒತ್ತುತ್ತಿತ್ತು. ಮೇಲೇಳುವ ಕಾಲು ಸೆಕೆಂಡಿನ ಮೊದಲ ಕ್ಷಣದಿಂದಲೇ ದೊಡ್ಡ ಬಲ ಕೈಗೆ ಸಿಕ್ಕಿತು. ಮೂರು ಎಣಿಸುತ್ತ ಕುಳಿತಾಗ? ಆಗ ಸ್ನಾಯುಗಳು ಹೊತ್ತದ್ದು ತೂಕದಷ್ಟು ಮಾತ್ರ. ಅಲ್ಲಿಂದ ಬಲ ಏರಿಸಿಕೊಳ್ಳಬೇಕಾಯಿತು, ಏರಿಸಿಕೊಳ್ಳುವಷ್ಟರಲ್ಲಿ ದೇಹ ಅರ್ಧ ದಾರಿ ಎದ್ದಾಗಿತ್ತು. ಹಿಗ್ಗಿದ ರಜ್ಜುವಿನಿಂದ ಮರಳಿ ಬರುವ ಶಕ್ತಿಯೇ ಇದಕ್ಕೆಲ್ಲ ಕಾರಣವೆಂದು ಬಹುಕಾಲ ಕಲಿಸುತ್ತಿದ್ದರು. ಅದೂ ಒಂದು ಪಾಲು ಇದೆ. ಆದರೆ ನಿಂತಲ್ಲಿಂದ ಹಾರುವ ಈ ಜಿಗಿತದಲ್ಲಿ ಎರಡು ಬೆರಳಿನ ಬಹುಪಾಲು ಹೋದದ್ದು ಮಿಣಿ ಬಿಗಿ ಮಾಡಿಕೊಳ್ಳದ ತಪ್ಪಿಗೆ.

ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿದ್ದೀರಿ. ಕಲ್ಲಿನ ಸುತ್ತ ಒಂದು ಸುತ್ತು ಬಂದು, ಕೈಗೆ ಮಣ್ಣು ಸವರಿಕೊಂಡು, ಕಲ್ಲನ್ನು ಮೊದಲು ತೊಡೆಗೆ, ಆಮೇಲೆ ಎದೆಗೆ, ಆಮೇಲೆ ಹೆಗಲಿಗೆ. ಅವಸರಪಡಿಸುವವರು ಯಾರೂ ಇಲ್ಲ, ಡೊಳ್ಳಿನವನೂ ಕಾಯುತ್ತಾನೆ. ಅವರ ಬಲಕ್ಕೆ ಗಡಿಯಾರವಿಲ್ಲ. ಅದೇ ಪೈಲವಾನನನ್ನು ಉದ್ದ ಜಿಗಿತದ ಹಲಗೆಯ ಮೇಲೆ ನಿಲ್ಲಿಸಿ. ಉದ್ದ ಜಿಗಿತದಲ್ಲಿ ಹಲಗೆಯ ಮೇಲೆ ಪಾದ ಇರುವುದು ಸೆಕೆಂಡಿನ ಎಂಟರಲ್ಲಿ ಒಂದು ಭಾಗ, ಸುಮಾರು 0.12 ಸೆಕೆಂಡು. ಎತ್ತರ ಜಿಗಿತದಲ್ಲಿ ಅದಕ್ಕಿಂತ ತುಸು ಹೆಚ್ಚು. ಜೆಸ್ವಿನ್ ಆಲ್ಡ್ರಿನ್ 2023ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ 8.42 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದಾಗ, ಆ ಎಂಟೂವರೆ ಮೀಟರಿನ ಹತ್ತಿರದ ವ್ಯವಹಾರವೆಲ್ಲ ಹಲಗೆಯ ಮೇಲೆ ಅಷ್ಟರೊಳಗೆ ಮುಗಿದಿತ್ತು. ಅಲ್ಲಿ ಕೇಳಬೇಕಾದ ಪ್ರಶ್ನೆ ಬಲ ಎಷ್ಟಿದೆ ಎನ್ನುವುದಕ್ಕಿಂತ, ಮೊದಲ ನೂರು ಮಿಲಿಸೆಕೆಂಡಿನಲ್ಲಿ ಅದರಲ್ಲಿ ಎಷ್ಟು ಕೈಗೆ ಬರುತ್ತದೆ ಎನ್ನುವುದು.

ಇನ್ನೊಂದು ಕಟ್ಟುಪಾಡನ್ನು ಎ.ವಿ. ಹಿಲ್ ಹೇಳಿಕೊಟ್ಟ. ಸ್ನಾಯುವಿನ ಶಾಖದ ಸಂಶೋಧನೆಗೆ 1922ರ ನೊಬೆಲ್ ಪಡೆದವನು. 1938ರಲ್ಲಿ ಕಪ್ಪೆಯ ತೊಡೆಯ ಸ್ನಾಯುವಿಗೆ ಭಾರ ಕಟ್ಟಿ ಅಳೆದು ತೋರಿಸಿದ: ಸ್ನಾಯು ವೇಗವಾಗಿ ಕುಗ್ಗುತ್ತಿರುವಾಗ ಅದರ ಬಲ ತಗ್ಗುತ್ತದೆ. ಬರಿಗೈಯನ್ನು ಬೇಗ ಬೀಸಬಹುದು, ನೀರು ತುಂಬಿದ ಕೊಡ ಹಿಡಿದು ಬೀಸಲಾಗದು. ಬಲ ಮತ್ತು ವೇಗದ ಗುಣಲಬ್ಧ, ಅಂದರೆ ಸಾಮರ್ಥ್ಯ, ಅತಿ ಹೆಚ್ಚಾಗುವುದು ಗರಿಷ್ಠ ವೇಗದ ಮೂರನೆಯ ಒಂದು ಭಾಗದ ಸುತ್ತಮುತ್ತ. ತರಬೇತಿಯಲ್ಲಿ ಭಾರ ಎತ್ತುವುದೂ ಬೇಕು, ಭಾರವಿಲ್ಲದೆ ಹಾರುವುದೂ ಬೇಕು ಎನ್ನುವ ಮಾತಿಗೆ ಮೂಲ ಇದೇ. ಬಲವೇ ಇಲ್ಲದ ಹುಡುಗನಿಗೆ ಬರೀ ವೇಗ ಕಲಿಸಿ ಪ್ರಯೋಜನವಿಲ್ಲ.

ರಜ್ಜುವಿಗೆ ಮರಳಿ ಬರುತ್ತೇನೆ, ಏಕೆಂದರೆ ಅಲ್ಲೊಂದು ಚೆಂದದ ಮೋಸವಿದೆ. ತೊಗರಿ ಹೊಲದ ಬದುವಿನಲ್ಲಿ ಮಿಡತೆ ಹಿಡಿಯಲು ಹೋಗಿ ಸೋತವರು ನಾವೆಲ್ಲ. ಅಷ್ಟು ಪುಟ್ಟ ಕಾಲಿನ ಸ್ನಾಯು ಅಷ್ಟು ಬೇಗ ಅಷ್ಟು ಶಕ್ತಿ ಕೊಡಲು ಸಾಧ್ಯವೇ ಇಲ್ಲ. ಮಿಡತೆ ಮಾಡುವುದೇನೆಂದರೆ, ಹಾರುವ ಮುಂಚೆ ಕಾಲು ಮಡಿಸಿ, ಕೀಲನ್ನು ಬಿಗಿದಿಟ್ಟು, ನೂರಾರು ಮಿಲಿಸೆಕೆಂಡು ನಿಧಾನವಾಗಿ ಸ್ನಾಯು ಬಿಗಿಯುತ್ತ ಮೊಣಕಾಲಿನ ಗಟ್ಟಿ ಹೊರಪದರವನ್ನು ಬಾಗಿಸುತ್ತದೆ. ಆಮೇಲೆ ಚಿಲಕ ಬಿಟ್ಟಂತೆ ಬಿಡುತ್ತದೆ. ಕೂಡಿಟ್ಟ ಶಕ್ತಿಯೆಲ್ಲ ಇಪ್ಪತ್ತು ಮೂವತ್ತು ಮಿಲಿಸೆಕೆಂಡಿನಲ್ಲಿ ಹೊರಬೀಳುತ್ತದೆ. ಹುಡುಗರ ಕ್ಯಾಟರ್‌ಬಿಲ್ಲಿನಂತೆ: ರಬ್ಬರು ಎಳೆಯುವಾಗ ಕೈಗೆ ಅವಸರವಿಲ್ಲ, ಬಿಟ್ಟ ಮೇಲೆ ಕಲ್ಲಿಗೆ ಅವಸರ. ನಮಗೆ ಅಂಥ ಚಿಲಕವಿಲ್ಲ. ಆದರೆ ಹಿಮ್ಮಡಿಯ ಮೇಲೆ ಎರಡು ಬೆರಳಿನಿಂದ ಹಿಡಿದರೆ ಸಿಗುವ ಆ ಗಟ್ಟಿ ಹುರಿ, ಅಕಿಲೀಸ್ ರಜ್ಜು, ಅದು ನಮ್ಮ ರಬ್ಬರು. ಓಡಿ ಬಂದು ಹಾರುವಾಗ, ಒಂದೇ ಕಾಲಲ್ಲಿ ಕುಪ್ಪಳಿಸುವಾಗ, ಅದರ ಪಾಲು ನಿಂತು ಹಾರುವುದಕ್ಕಿಂತ ಬಹಳ ಹೆಚ್ಚು. ರಜ್ಜು ಹಿಗ್ಗಿ ಕುಗ್ಗುತ್ತದೆ, ಸ್ನಾಯು ತಾನು ಹೆಚ್ಚು ಉದ್ದ ಬದಲಿಸದೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ವೇಗವಾಗಿ ಕುಗ್ಗಬೇಕಿಲ್ಲವಾದ್ದರಿಂದ ಹಿಲ್ ಹೇಳಿದ ದಂಡವನ್ನೂ ಕಟ್ಟಬೇಕಿಲ್ಲ.

ಈಗ ಯಂತ್ರದ ಪ್ರಶ್ನೆ. ಅದರ ಹೆಸರು ಟೆನ್ಸಿಯೋಮಯೋಗ್ರಫಿ. ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ರೂಪುಗೊಂಡದ್ದು. ತೊಡೆಯ ಸ್ನಾಯುವಿನ ಉಬ್ಬಿನ ಮೇಲೆ ಲಂಬವಾಗಿ ಒಂದು ಸೂಕ್ಷ್ಮ ಕಡ್ಡಿ ಇಟ್ಟು, ಎರಡು ಬದಿಗೆ ಅಂಟುಪಟ್ಟಿ ಹಚ್ಚಿ, ಒಂದು ಮಿಲಿಸೆಕೆಂಡಿನ ವಿದ್ಯುತ್ ಮಿಡಿತ ಕೊಡುತ್ತಾರೆ. ಸ್ನಾಯು ಉಬ್ಬಿ ಕಡ್ಡಿಯನ್ನು ಕೆಲವು ಮಿಲಿಮೀಟರ್ ಮೇಲಕ್ಕೆ ತಳ್ಳುತ್ತದೆ. ಎಷ್ಟು ಉಬ್ಬಿತು ಎನ್ನುವುದು ಒಂದು ಅಳತೆ. ಆ ಉಬ್ಬು ಹತ್ತು ಪ್ರತಿಶತದಿಂದ ತೊಂಬತ್ತಕ್ಕೆ ಏರಲು ತೆಗೆದುಕೊಂಡ ಸಮಯ ಇನ್ನೊಂದು. ಅದನ್ನೇ ಸಂಕೋಚನದ ಅವಧಿ ಎನ್ನುತ್ತಾರೆ. ತೊಡೆಯ ಹೊರಬದಿಯ ಸ್ನಾಯುವಿನಲ್ಲಿ ಅದು ಇಪ್ಪತ್ತೈದು ಮಿಲಿಸೆಕೆಂಡಿನ ಆಸುಪಾಸು ಇರುತ್ತದೆ. ನೋವಿಲ್ಲ, ಇರುವೆ ಕಚ್ಚಿದಂತೆ, ಹುಡುಗರು ನಗುತ್ತಾರೆ.

ಅಳತೆ ಸುಳ್ಳಲ್ಲ. ಚುರುಕು ತಂತು ಹೆಚ್ಚಿರುವ ಸ್ನಾಯುವಿನಲ್ಲಿ ಆ ಅವಧಿ ಕಡಿಮೆಯೇ ಬರುತ್ತದೆ. ಆದರೆ ಆ ಅಂಕಿಯನ್ನೂ ಜಿಗಿತದ ಎತ್ತರವನ್ನೂ ಹೋಲಿಸಿ ನೋಡಿದ ಸಂಶೋಧನೆಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. ಕೆಲವಕ್ಕೆ ನಂಟು ಕಂಡಿದೆ, ಹಲವಕ್ಕೆ ದುರ್ಬಲವಾಗಿ ಕಂಡಿದೆ, ಕೆಲವಕ್ಕೆ ಕಂಡೇ ಇಲ್ಲ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಯಂತ್ರ ಕೇಳುವುದು ಒಂದು ಸ್ನಾಯುವನ್ನು, ಒಂದು ಮಿಡಿತಕ್ಕೆ, ಮಲಗಿದ ಭಂಗಿಯಲ್ಲಿ. ಮಿದುಳಿನ ಅಪ್ಪಣೆಯನ್ನು ಅದು ಪಕ್ಕಕ್ಕೆ ಸರಿಸಿಬಿಟ್ಟಿರುತ್ತದೆ. ಜಿಗಿತದಲ್ಲಿ ಮಿದುಳೇ ಯಜಮಾನ: ನರಗಳು ಎಷ್ಟು ಬೇಗ, ಎಷ್ಟು ಒತ್ತೊತ್ತಾಗಿ ಸಂಕೇತ ಕಳಿಸುತ್ತವೆ, ಎಷ್ಟು ತಂತುಗಳನ್ನು ಒಟ್ಟಿಗೆ ಎಬ್ಬಿಸುತ್ತವೆ, ಸೊಂಟ ಮೊದಲು, ಮೊಣಕಾಲು ಆಮೇಲೆ, ಹರಡು ಕೊನೆಗೆ ಎಂಬ ಸರದಿ ತಪ್ಪದೆ ನಡೆಯುತ್ತದೆಯೇ ಎಂಬುದೆಲ್ಲ ಅಲ್ಲಿಂದಲೇ ತೀರ್ಮಾನವಾಗುತ್ತದೆ. ಕೈ ಬೀಸು ಒಂದನ್ನೇ ಸರಿಯಾಗಿ ಕಲಿಸಿದರೆ ಎತ್ತರದಲ್ಲಿ ಹತ್ತರಲ್ಲಿ ಒಂದು ಪಾಲು ಹೆಚ್ಚುತ್ತದೆ. ಕೈ ಬೀಸಿನ ಸುದ್ದಿ ತೊಡೆಯ ಮೇಲಿನ ಕಡ್ಡಿಗೆ ಹೇಗೆ ಗೊತ್ತಾಗಬೇಕು? ಗಾಯವಾಗಿ ಮರಳಿದ ಆಟಗಾರನ ಬಲಗಾಲನ್ನು ಎಡಗಾಲಿನೊಂದಿಗೆ ಹೋಲಿಸಲು, ದಣಿವು ಇಳಿದಿದೆಯೇ ಎಂದು ನೋಡಲು ಆ ಯಂತ್ರ ಒಳ್ಳೆಯದು. ಹನ್ನೆರಡು ವರ್ಷದ ಹುಡುಗಿಯ ಹಣೆಬರಹ ಓದಲು ಅದನ್ನು ಬಳಸಬೇಡಿ.

ಕಣ್ಣಳತೆಯಲ್ಲಿ ಓದುವವರು ಇನ್ನೂ ಅಪಾಯ. ನಾನು ಯಾದಗಿರಿ ಕಡೆಯ ಶಾಲೆಯೊಂದರಲ್ಲಿ ಓದುತ್ತಿದ್ದಾಗ ನಮ್ಮ ತರಗತಿಯಲ್ಲಿ ಒಬ್ಬನಿದ್ದ. ಮೀನಖಂಡವೇ ಇಲ್ಲವೇನೋ ಎನ್ನುವಂತಹ ಸಣ್ಣ, ಉದ್ದ ಕಾಲು. ಬೋನಾಳ ಕೆರೆಯ ಕೊಕ್ಕರೆ ಎಂದು ಕರೆಯುತ್ತಿದ್ದೆವು. ಆಯ್ಕೆಗೆ ಬಂದ ಒಬ್ಬರು ಸಾಲಿನಲ್ಲಿ ನಿಂತ ಎಲ್ಲರ ಮೀನಖಂಡ ಹಿಸುಕುತ್ತ ಬಂದು, ಇವನ ಕಾಲು ಹಿಸುಕಿ, "ಇದರಲ್ಲಿ ಏನಿದೆ?" ಎಂದು ಪಕ್ಕಕ್ಕೆ ನಿಲ್ಲಿಸಿದರು. ಹಾರಲು ಹೇಳಲೇ ಇಲ್ಲ. ಸಂಜೆ ಅದೇ ಅಂಗಳದಲ್ಲಿ ವಾಲಿಬಾಲ್ ಆಡುವಾಗ ಬಲೆಯ ಮೇಲೆ ಅವನ ಮೊಣಕೈ ಕಾಣುತ್ತಿತ್ತು. ಸಣ್ಣ ಸ್ನಾಯು, ಉದ್ದ ರಜ್ಜು, ಕಾಲಿನ ತುದಿಯಲ್ಲಿ ಕಡಿಮೆ ಭಾರ. ಇದನ್ನೆಲ್ಲ ಕಲಿತದ್ದು ಆಮೇಲೆ. ಅಂದು ಗೊತ್ತಿದ್ದದ್ದು ಅವನು ನಮಗಿಂತ ಎತ್ತರ ಹಾರುತ್ತಾನೆ ಎಂಬುದಷ್ಟೇ, ಅದು ಸಾಕಿತ್ತು. ಹಾಸನದ ಕಡೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ತಂದರು. ಕಾಲು ನೋಡಿ ಆರಿಸುವವರು ಊನವಿರುವ ಅವರ ಎಡಗಾಲು ನೋಡಿ ಏನೆನ್ನುತ್ತಿದ್ದರೋ.

ನೀವು ಮಾಡಬಹುದಾದ್ದು ಇದು. ಮೊಬೈಲಿನಲ್ಲಿ ನಿಧಾನಗತಿಯ ಚಿತ್ರೀಕರಣ ಇದ್ದರೆ ಅದನ್ನು ನೆಲದ ಮಟ್ಟಕ್ಕೆ ಇಡಿ. ಪಾದ ನೆಲ ಬಿಟ್ಟ ಚೌಕಟ್ಟಿನಿಂದ ಮುಟ್ಟಿದ ಚೌಕಟ್ಟಿನವರೆಗೆ ಎಣಿಸಿ. ಸೆಕೆಂಡಿಗೆ 240 ಚೌಕಟ್ಟಾದರೆ, 120 ಬಂದಲ್ಲಿ ಅರ್ಧ ಸೆಕೆಂಡು. ಸಮಯದ ವರ್ಗವನ್ನು 122.6ರಿಂದ ಗುಣಿಸಿದರೆ ಎತ್ತರ ಸೆಂಟಿಮೀಟರಿನಲ್ಲಿ ಬರುತ್ತದೆ; ಅರ್ಧ ಸೆಕೆಂಡಿಗೆ 30.6. ಇಳಿಯುವಾಗ ಮೊಣಕಾಲು ಮಡಿಸಿ ತಡವಾಗಿ ನೆಲ ಮುಟ್ಟುವ ಜಾಣರು ಇರುತ್ತಾರೆ, ಅವರ ಮೇಲೆ ಕಣ್ಣಿಡಿ. ಪ್ರತಿಯೊಬ್ಬರದೂ ಎರಡು ಅಳತೆ ತೆಗೆಯಿರಿ: ಬಗ್ಗಿ ಹಾರಿದ್ದು ಒಂದು, ಮೂರು ಎಣಿಸಿ ಹಾರಿದ್ದು ಒಂದು. ಎರಡರ ನಡುವೆ ಅಂತರವೇ ಇಲ್ಲದವನಿಗೆ ಚಕ್ಕನೆ ಇಳಿದು ಚಕ್ಕನೆ ಏಳುವುದನ್ನು ಕಲಿಸಬೇಕು. ಅಂತರ ದೊಡ್ಡದಿದ್ದು ಎರಡೂ ಅಳತೆ ಕಡಿಮೆ ಇರುವವನಿಗೆ ಮೊದಲು ಕಾಲಿನ ಬಲ ಬೇಕು.

ಹವೆಯ ವಿಚಾರ ಒಂದಿದೆ. ಬಿಸಿಯಾದ ಸ್ನಾಯು ಬೇಗ ಸಂಕೋಚಿಸುತ್ತದೆ. ಅದರ ಒಳಗಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಜಿಗಿತ ಸುಮಾರು ಶೇ. 4–5ರಷ್ಟು ಏರುತ್ತದೆ. ಬೀದರಿನ ಡಿಸೆಂಬರಿನಲ್ಲಿ ಬೆಳಗಿನ ಏಳಕ್ಕೆ ಆಯ್ಕೆ ಇಟ್ಟು, ಲಾರಿಯಲ್ಲೋ ಬಸ್ಸಿನಲ್ಲೋ ಗಾಳಿಗೆ ನಡುಗುತ್ತ ಬಂದ ಮಕ್ಕಳನ್ನು ಇಳಿದ ತಕ್ಷಣ ಸಾಲಿನಲ್ಲಿ ನಿಲ್ಲಿಸಿ ಹಾರಿಸಿದರೆ ನೀವು ಅಳೆಯುವುದು ಚಳಿಯನ್ನು. ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಇದರ ತಲೆಕೆಳಗು: ಬೆವರಿದ್ದಾರೆ, ಇನ್ನು ಓಡಿಸುವುದೇಕೆ ಎನಿಸುತ್ತದೆ. ಬೆವರು ಚರ್ಮದ ಮಾತು. ತೊಡೆಯೊಳಗಿನ ಸ್ನಾಯು ಬಿಸಿಯಾಗುವುದು ಅದು ಕೆಲಸ ಮಾಡಿದಾಗ. ನೆರಳಿನಲ್ಲೇ ಹತ್ತು ನಿಮಿಷ ಹಗುರವಾಗಿ ಓಡಿಸಿ, ನಾಲ್ಕಾರು ಸಣ್ಣ ಜಿಗಿತ ಮಾಡಿಸಿ, ಆಮೇಲೆ ಅಳೆಯಿರಿ.

ಕೊನೆಗೆ ಮೇಡಂ ಒಬ್ಬರು ಕೇಳಿದ ಪ್ರಶ್ನೆ: ದಿನಕ್ಕೆ ಎಷ್ಟು ಸಲ ಹಾರಿಸಬೇಕು? ನೂರು ಸಲ ಹಾರಿಸುವ ಪದ್ಧತಿ ನಮ್ಮಲ್ಲಿ ಇದೆ, ಅದು ದಣಿವಿನ ಅಭ್ಯಾಸ. ಚುರುಕು ತಂತುಗಳು ಸ್ಫೋಟಕ ಕೆಲಸಕ್ಕೆ ಬಳಸುವ ಇಂಧನ ಕೆಲವೇ ಸೆಕೆಂಡಿನಲ್ಲಿ ಬರಿದಾಗುತ್ತದೆ, ಮತ್ತೆ ತುಂಬಲು ಎರಡು ಮೂರು ನಿಮಿಷ ಬೇಕು. ಆದ್ದರಿಂದ ಐದಾರು ಪೂರ್ಣ ಜಿಗಿತ, ನಡುವೆ ವಿಶ್ರಾಂತಿ, ಮತ್ತೆ ಐದಾರು. ಮಳೆ ಬಿದ್ದ ಎರೆ ಮಣ್ಣಿನಲ್ಲಿ ಬೇಡ, ಪಾದ ಹೂತು ಶಕ್ತಿಯೆಲ್ಲ ಕೆಸರಿಗೆ ಹೋಗುತ್ತದೆ. ಸಿಮೆಂಟಿನ ಅಂಗಳದಲ್ಲೂ ಬೇಡ, ಮೊಣಕಾಲು ಉಳಿಯುವುದಿಲ್ಲ. ಗೋಡೆಯ ಮೇಲಿನ ಗುರುತು ನೋಡುತ್ತಿರಿ. ಮೊದಲ ಗುರುತಿಗಿಂತ ಎರಡು ಬೆರಳು ಕೆಳಗಿಳಿಯಿತೆಂದರೆ ಅವತ್ತಿಗೆ ಸಾಕು, ಮಕ್ಕಳನ್ನು ಮನೆಗೆ ಕಳಿಸಿ.